ಒಂದೇ ಏಟಿಗೆ ಬೀಳುವ ಅಣ್ಣಾಸಾಹೇಬ

ನೇಮಣ್ಣನ ಎಡಗಣ್ಣು ಹೋದದ್ದು ಹಾಡುಹಗಲಲ್ಲಿ, ಮಮದಾಪುರದ ಕಾಲುವೆಯ ಗೇಟಿನ ಹತ್ತಿರ, ಸ್ವಂತ ದಾಯಾದಿ ಅಣ್ಣಾಸಾಹೇಬನ ಕೈಯಿಂದ. ಅಲ್ಲಿ ನೀರು ಪಾಳಿಯ ಪ್ರಕಾರ ಹರಿಯುತ್ತದೆ. ಒಬ್ಬರ ಹೊಲ ಕುಡಿದ ಮೇಲೆ ಇನ್ನೊಬ್ಬರ ಹೊಲ ಕುಡಿಯಬೇಕು. ಆವತ್ತು ಅಣ್ಣಾಸಾಹೇಬನ ಪಾಳಿ ಮುಗಿದಿತ್ತು, ಅವನ ಕಬ್ಬಿನ ದಾಹ ಮುಗಿದಿರಲಿಲ್ಲ. ನೇಮಣ್ಣ ಗೇಟಿಗೆ ಕೈ ಹಾಕಿದ. ಅಣ್ಣಾಸಾಹೇಬ ಸಲಿಕೆಯನ್ನು ಅಡ್ಡಡ್ಡ ಬೀಸಿದ. ಕಣ್ಣು ಅಲ್ಲೇ ಒಡೆಯಿತು. ನೇಮಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಏರಿಯ ಮೇಲೆ ಕುಸಿದ. ಬೆರಳ ಸಂದಿಯಿಂದ ರಕ್ತ ಅಂಗಿಯ ತೋಳಿನೊಳಕ್ಕೆ ಇಳಿಯಿತು. ಅಣ್ಣಾಸಾಹೇಬ ಸಲಿಕೆ ತೊಳೆದುಕೊಂಡು ಮತ್ತೆ ನೀರು ತಿರುಗಿಸಲು ಹೋದ.

ಇವರು ಎಂಥ ಮನೆತನದವರು ಅಂತೀರಿ? ಹೊತ್ತು ಮುಳುಗಿದ ಮೇಲೆ ಬಾಯಿಗೆ ಒಂದಗುಳು ಹಾಕದವರು. ಮಣ್ಣೊಳಗಿನ ಜೀವ ಸಾಯುತ್ತದೆಂದು ಗಡ್ಡೆ ತಿನ್ನುವುದನ್ನೇ ಬಿಟ್ಟವರು. ಕುಡಿಯುವ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಾರೆ. ಕಾಲುವೆಯ ಸೋಸದ ನೀರಿಗೆ ಮಾತ್ರ ಅಣ್ಣತಮ್ಮಂದಿರ ಮಕ್ಕಳು ಒಬ್ಬರ ಕಣ್ಣನ್ನು ಒಬ್ಬರು ಒಡೆಯುತ್ತಾರೆ.

ಪೊಲೀಸರ ತನಕ ಹೋಗುವುದು ಬೇಡ ಎಂದು ಹಿರಿಯರು ಹೇಳಿದರು. ಭಾದ್ರಪದದ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಆ ದಿನ ಬಸದಿಯ ಪಡಸಾಲೆಯಲ್ಲಿ ಎಲ್ಲರೂ ಎಲ್ಲರ ಕ್ಷಮೆ ಕೇಳಬೇಕು, ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಅಣ್ಣಾಸಾಹೇಬ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದ.

"ಉತ್ತಮ ಕ್ಷಮಾ, ನೇಮಣ್ಣಾ. ಆಗಿದ್ದ ಆಗಿ ಹೋತು," ಎಂದ.

ಕಣ್ಣಿಗೆ ಹತ್ತಿ ಕಟ್ಟಿಕೊಂಡಿದ್ದ ನೇಮಣ್ಣ ಕೈ ಮುಗಿದು, "ಉತ್ತಮ ಕ್ಷಮಾ," ಎಂದ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೋದದ್ದು ನೇಮಣ್ಣನ ಕಣ್ಣೊಂದೇ. ಹಿರಿಯರು ತೃಪ್ತಿಯಿಂದ ಮನೆಗೆ ಹೋದರು. ಕಂಬಕ್ಕೆ ಒರಗಿ ಹಲ್ಲು ಕಡಿಯುತ್ತ ನಿಂತಿದ್ದ ನೇಮಣ್ಣನ ಮಗ ತೇಜಸ ಮಾತ್ರ ಯಾರಿಗೂ ಕೈ ಮುಗಿಯದೆ ಹೊರಗೆ ನಡೆದ.

ತೇಜಸನಿಗೆ ಆಗ ಇಪ್ಪತ್ತು. ಅವನಕ್ಕ ತ್ರಿಶಲಾ ಅವನಿಗಿಂತ ಎಂಟು ವರ್ಷ ದೊಡ್ಡವಳು, ಈ ಕಥೆ ಅವಳದೇ. ಬಿಎಸ್ಸಿ ಮುಗಿಸಿ, ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಗೋಕಾಕಿನ ಬಸ್ ನಿಲ್ದಾಣದ ಹತ್ತಿರ ಅರಿವೆ ಅಂಗಡಿಯ ಮಾಳಿಗೆಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ, ಊರಿನಿಂದ ದಿನಾ ಹೋಗಿಬಂದು, ಕಲಿಸುತ್ತಿದ್ದಳು. ಹೊಸ ಶತಮಾನ ಆಗಷ್ಟೇ ಕಣ್ಣುಬಿಟ್ಟ ಕಾಲ. ಮೌಸ್ ಹಿಡಿಯಲು ಬರುವವರೆಲ್ಲ ಪಂಡಿತರು. ಹೆಣ್ಣು ನೋಡಲು ಬಂದ ಇಬ್ಬರು ಮೂವರನ್ನು, "ಹುಡುಗಗ ಏನೇನ ಬರತೈತಿ?" ಎಂದು ತಿರುಗಿ ಕೇಳಿ ಓಡಿಸಿದ್ದಳು. ಬಾಯಿ ಜೋರು, ಕೈ ಚುರುಕು. ಮೆತ್ತಗಾಗುತ್ತಿದ್ದದ್ದು ತಮ್ಮನ ವಿಷಯದಲ್ಲಿ ಮಾತ್ರ. ಕಂಕುಳಲ್ಲಿ ಎತ್ತಿಕೊಂಡು ತಿರುಗಿದ ಹುಡುಗ. ಅವನ ಮೋರೆ ಸಣ್ಣಗಾದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಕ್ಷಮಾವಣಿ ಆದ ಸ್ವಲ್ಪ ದಿನಕ್ಕೆ ತೇಜಸ ಮೂಡಲಗಿಯ ದನದ ಸಂತೆಯಲ್ಲಿ ಅಣ್ಣಾಸಾಹೇಬನನ್ನು ತಡೆದು ನಿಲ್ಲಿಸಿದ. "ಕಾಕಾ, ನಮ್ಮಪ್ಪನ ಕಣ್ಣ ಯಾವಾಗ ಕೊಡ್ತಿ?" ಎಂದು ನಾಲ್ಕು ಮಂದಿಯ ಮುಂದೆ ಕೇಳಿದ. ಅಣ್ಣಾಸಾಹೇಬ ಕಾಲೊಳಗಿನ ಚಪ್ಪಲಿ ಕೈಗೆ ತೆಗೆದುಕೊಂಡ. ಎಡಗೆನ್ನೆಗೆ, ಬಲಗೆನ್ನೆಗೆ, ಮತ್ತೆ ಎಡಗೆನ್ನೆಗೆ ಬಾರಿಸಿದ. ದಲ್ಲಾಳಿಗಳು ನಕ್ಕರು. ತುಟಿ ಸೀಳಿ, ಒಂದು ಹಲ್ಲು ಸಡಿಲಾಗಿ ಮನೆಗೆ ಬಂದ ತೇಜಸ ಮೊದಲು ಕನ್ನಡಿ ಒಡೆದ, ಆಮೇಲೆ ಕಾಲೇಜು ಬಿಟ್ಟ. ದಿನಾ ಕೊಟ್ಟಿಗೆಯ ಹಿಂದೆ ಕೂತು ಕಬ್ಬು ಕಡಿಯುವ ಕೊಯ್ತಾ ಮಸೆಯತೊಡಗಿದ. ಆ ಸಪ್ಪಳ ಕೇಳಿ ತಾಯಿ ರಾಜಮತಿಗೆ ಜಪಮಣಿ ಎಣಿಸಲೂ ಆಗುತ್ತಿರಲಿಲ್ಲ.

"ಇವನ್ನ ನಿನ್ನ ಜೋಡಿ ಗೋಕಾಕಿಗೆ ಕರಕೊಂಡ ಹೋಗವಾ," ಎಂದಳು ಮಗಳಿಗೆ. "ಇಲ್ಲೇ ಇದ್ರ ಅಂವನರ ಸಾಯ್ತಾನ, ಇಲ್ಲಾ ಇವನರ ಸಾಯ್ತಾನ."

ಕ್ಲಾಸಿನ ಮಾಲೀಕ ವಿಠ್ಠಲ ಕೊಲ್ಹಾಪುರದಿಂದ ಒಂದು ಯುದ್ಧದ ಆಟದ ಸಿಡಿ ತಂದಿದ್ದ. ಪರದೆಯ ಮೇಲೆ ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು. ಅದರಲ್ಲಿ ಕತ್ತಿಯವರು, ಭರ್ಚಿಯವರು, ಬಿಲ್ಲಿನವರು. ಗಡಿಬಿಡಿ ಇಲ್ಲದ ಯುದ್ಧ ಅದು. ನಿಮ್ಮವರನ್ನು ನೀವು ನಡೆಸಬೇಕು, ಹೊಡೆಯಬೇಕು, ಕೈ ಬಿಡಬೇಕು. ಆಮೇಲೆ ಕಂಪ್ಯೂಟರು ತನ್ನವರನ್ನು ನಡೆಸುತ್ತದೆ. ಮತ್ತೆ ನಿಮ್ಮ ಪಾಳಿ.

ತ್ರಿಶಲಾಗೆ ಆಟಕ್ಕಿಂತ ಆಟದ ಹೊಟ್ಟೆಯ ಮೇಲೆ ಕಣ್ಣು. ಒಂದು ಮಧ್ಯಾಹ್ನ ಹುಡುಗರು ಊಟಕ್ಕೆ ಹೋದಾಗ ಆಟದ ಫೋಲ್ಡರು ಬಿಚ್ಚಿ, ಒಳಗಿದ್ದ ಫೈಲೊಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದಳು. ಸುಮ್ಮನೆ ಅಕ್ಷರ, ಅಂಕಿ! ಒಬ್ಬೊಬ್ಬ ಸೈನಿಕನಿಗೆ ಒಂದೊಂದು ಸಾಲು: ಹೆಸರು, ಜೀವ ಎಷ್ಟು, ಏಟು ಎಷ್ಟು, ಎಷ್ಟು ಮನೆ ನಡೆಯಬಲ್ಲ. ಭರ್ಚಿಯವನ ಹೆಸರು ಅಳಿಸಿ ಇಂಗ್ಲಿಷ್ ಅಕ್ಷರದಲ್ಲಿ ವಿಠ್ಠಲ ಎಂದು ಹೊಡೆದಳು. ಆಟ ತೆರೆಯಲೇ ಇಲ್ಲ. ಹೆಸರಿನ ಜೊತೆ ಒಂದು ಅಲ್ಪವಿರಾಮವನ್ನೂ ಅಳಿಸಿಬಿಟ್ಟಿದ್ದಳು, ಮೂಲ ಫೈಲಿನ ನಕಲನ್ನೂ ಇಟ್ಟುಕೊಂಡಿರಲಿಲ್ಲ. ಸಿಡಿಯಿಂದ ಎಲ್ಲವನ್ನೂ ಮತ್ತೆ ಹಾಕಬೇಕಾಯಿತು. ಆವತ್ತಿನಿಂದ ಮೊದಲು ನಕಲು, ಆಮೇಲೆ ಕೈ ಎಂಬ ನೇಮ ಮಾಡಿಕೊಂಡಳು. ಮರುದಿನ ಭರ್ಚಿ ಹಿಡಿದ ವಿಠ್ಠಲ ಪರದೆಯ ಮೇಲೆ ಓಡಾಡಿದ. ನಿಜವಾದ ವಿಠ್ಠಲ ಹೊಟ್ಟೆ ಹಿಡಿದುಕೊಂಡು ನಕ್ಕ.

ಮೂಲೆಯ ಕುರ್ಚಿಯಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದ ತೇಜಸ ಎದ್ದು ಬಂದ. "ಅಕ್ಕಾ, ಇದರಾಗ ಅಣ್ಣಾಸಾಹೇಬನ್ನ ಹಾಕತಿ?"

ಎಷ್ಟೋ ದಿನಗಳ ಮೇಲೆ ಅವನು ಬಾಯಿಬಿಟ್ಟು ಏನೋ ಕೇಳಿದ್ದ. ತ್ರಿಶಲಾ ಹಿಂದೆ ಮುಂದೆ ನೋಡಲಿಲ್ಲ. ಶತ್ರುಪಡೆಯ ಸರದಾರನ ಸಾಲು ಹಿಡಿದು ಹೆಸರು ಬದಲಿಸಿದಳು. ಚಿತ್ರ ಬಿಡಿಸುವ ಪೇಂಟ್ ಪ್ರೋಗ್ರಾಮಿನಲ್ಲಿ ಸರದಾರನ ಚಿತ್ರ ತೆರೆದು ಶಿರಸ್ತ್ರಾಣಕ್ಕೆ ಬಿಳಿ ಬಣ್ಣ ತುಂಬಿ ಗಾಂಧಿ ಟೋಪಿ ಮಾಡಿದಳು, ಮೀಸೆ ಬರೆದಳು, ಗದೆಯನ್ನು ತಿದ್ದಿ ಸಲಿಕೆ ಮಾಡಿದಳು. ಕತ್ತಿಯವನಿಗೆ ತಮ್ಮನ ಹೆಸರಿಟ್ಟಳು. ಸಿಟ್ಟು ಎಲ್ಲಾದರೂ ಹರಿದು ಹೋಗಬೇಕಲ್ಲ, ಈ ಪೆಟ್ಟಿಗೆಯೊಳಗೇ ಹರಿಯಲಿ ಎಂದು ಅವಳ ಲೆಕ್ಕ.

ಮೊದಲ ದಿನ ಲೆಕ್ಕ ತಿರುಗುಮುರುಗಾಯಿತು. ಸರದಾರ ಬಲಶಾಲಿ, ಪಾಳಿ ಬಂದಾಗಲೆಲ್ಲ ಪರದೆಯ ಅಣ್ಣಾಸಾಹೇಬ ಸಲಿಕೆ ಎತ್ತಿ ಪರದೆಯ ತೇಜಸನನ್ನು ಕೊಂದ. ಮತ್ತೆ ಆಡಿದರೆ ಮತ್ತೆ ಕೊಂದ. ಕುರ್ಚಿಯಲ್ಲಿದ್ದ ತೇಜಸ ಕೀಬೋರ್ಡನ್ನು ಎರಡೂ ಮುಷ್ಟಿಯಿಂದ ಗುದ್ದಿದ. ಅಕ್ಷರದ ಗುಂಡಿಗಳು ಹಾರಿ ನೆಲಕ್ಕೆ ಬಿದ್ದವು. ಗಾಬರಿಯಾಗಿ ಹಿಡಿಯಲು ಬಂದ ಅಕ್ಕನ ಕೈಯನ್ನು ತಿರುವಿ ನೂಕಿದ.

"ಇಲ್ಲೂ ಅಂವನ ಗೆಲ್ಲಬೇಕೇನ?" ಎಂದು ಕಿರುಚಿದ. ಕಣ್ಣಲ್ಲಿ ನೀರಿತ್ತು.

ಆ ನೀರು ನೋಡಿ ತ್ರಿಶಲಾಗೆ ತಡೆಯಲಾಗಲಿಲ್ಲ. ನೊಂದ ಕೈಯಿಂದಲೇ ಫೈಲು ತೆರೆದಳು. ಅಣ್ಣಾಸಾಹೇಬನ ಸಾಲಿನಲ್ಲಿ ಜೀವ ಎಂಬಲ್ಲಿ ಅರವತ್ತು ಎಂದಿತ್ತು. ಅದನ್ನು ಅಳಿಸಿ ಒಂದು ಎಂದು ಬರೆದಳು. ಮುಂದಿನ ಆಟದಲ್ಲಿ ತೇಜಸ ಒಂದೇ ಏಟು ಹಾಕಿದ. ಗಾಂಧಿ ಟೋಪಿಯ ಸರದಾರ ನರಳಿ, ಮಗುಚಿ, ಮಾಯವಾದ. ತೇಜಸ ಬಸ್ ನಿಲ್ದಾಣಕ್ಕೆ ಕೇಳುವಷ್ಟು ಜೋರಾಗಿ ನಕ್ಕ. ಹೊತ್ತು ಮುಳುಗುವ ಮೊದಲು ಮನೆ ಸೇರಿ ಮೂರು ರೊಟ್ಟಿ ಉಂಡ.

ಅಲ್ಲಿಂದ ಶುರುವಾಯಿತು ಕೊಲೆಯ ಸುಗ್ಗಿ. ಅಣ್ಣಾಸಾಹೇಬ ದಿನಕ್ಕೆ ಹತ್ತು ಸಲ ಸತ್ತ, ಇಪ್ಪತ್ತು ಸಲ ಸತ್ತ. ರಕ್ತ ಬೇಕು ಎಂದ ತಮ್ಮ. ಅಕ್ಕ ಕೆಂಪು ಬಣ್ಣ ಚೆಲ್ಲಿದಳು. ಸಾಯುವಾಗ ಅವನು ಸರಿಯಾಗಿ ಒದರಬೇಕು ಎಂದ. ವಿಠ್ಠಲನನ್ನು ಮೈಕಿನ ಮುಂದೆ ಕೂರಿಸಿ, "ಅಯ್ಯೋ ಸತ್ನ್ಯೋ" ಎಂದು ಒದರಿಸಿ ಆ ಧ್ವನಿಯನ್ನು ಆಟದೊಳಗೆ ಸೇರಿಸಿದಳು. ಅವಳಿಗೂ ರುಚಿ ಹತ್ತಿತ್ತು, ಸುಳ್ಳು ಯಾಕೆ ಹೇಳಬೇಕು? ಅಪ್ಪನ ಗಾಜಿನ ಕಣ್ಣು ತೊಳೆದಿಟ್ಟು ಬಂದ ದಿನ ಅವಳೂ ಒಂದೆರಡು ಸಲ ಅಣ್ಣಾಸಾಹೇಬನನ್ನು ಕಡಿದು ಹಾಕುತ್ತಿದ್ದಳು, ಹಾಯೆನಿಸುತ್ತಿತ್ತು.

ಮನೆಯಲ್ಲಿ ಮಕ್ಕಳಿಬ್ಬರೂ ಇದನ್ನೇ ಮಾತಾಡಿ ನಗುವುದು ರಾಜಮತಿಯ ಕಿವಿಗೆ ಬಿತ್ತು. ಗೌರಿ ಹುಣ್ಣಿಮೆಗೆ ಆ ಭಾಗದಲ್ಲಿ ಆನೆ, ಕುದುರೆ, ಗಿಳಿಯ ಆಕಾರದ ಸಕ್ಕರೆ ಗೊಂಬೆ ಮಾಡುತ್ತಾರೆ. ರಾಜಮತಿಯ ಮನೆಯಲ್ಲಿ ಅದನ್ನು ಯಾರೂ ಕಚ್ಚುವುದಿಲ್ಲ. ಆನೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡು ಕಚ್ಚಿದರೆ ಆನೆ ಕೊಂದ ಪಾಪವೇ ಎಂದು ಹಿರಿಯರಿಂದ ಬಂದ ಮಾತು.

"ಅಂವನ ಹೆಸರ ಇಟ್ಟ ಕೊಲ್ಲೂದು ಬ್ಯಾಡ್ರಿವಾ," ಎಂದಳು.

"ಅವ್ವಾ, ಅದು ಬರೇ ಅಂಕಿ. ಸಕ್ಕರಿ ಆನಿ ತಲಿ ಕಚ್ಚಿದ್ರ ಎಲ್ಲರ ಆನಿ ಸಾಯ್ತೈತೇನ?" ಎಂದಳು ತ್ರಿಶಲಾ.

"ಆನಿ ಸಾಯಂಗಿಲ್ಲ, ಖರೆ. ಕಚ್ಚಿದಾಂವಗ ರೂಢಿ ಆಕ್ಕೈತಿ."

ಅವ್ವನ ಮಾತಿಗೆ ಮಗಳು ನಕ್ಕಳು. ತಮ್ಮ ಉಣ್ಣುತ್ತಿದ್ದಾನೆ, ನಿದ್ದೆ ಮಾಡುತ್ತಿದ್ದಾನೆ, ಕೊಟ್ಟಿಗೆಯ ಹಿಂದಿನ ಸಪ್ಪಳ ನಿಂತಿದೆ. ಇನ್ನೇನು ಬೇಕು?

ತೇಜಸನಿಗೆ ಇನ್ನೂ ಬೇಕಿತ್ತು. ಕೋಟೆ, ಗುಡ್ಡ ಅವನಿಗೆ ಬೇಸರವಾದವು. ಆಟದ ಜೊತೆಗೇ ನೆಲ ಕಟ್ಟುವ ಸಲಕರಣೆಯೂ ಬಂದಿತ್ತು. ಮನೆ ಮನೆಗೂ ಬೇಕಾದ ನೆಲ ಹಾಸುತ್ತ ಹೋಗುವುದು. ತ್ರಿಶಲಾ ಕೂತು ಮಮದಾಪುರ ಕಟ್ಟಿದಳು. ನದಿಯ ತುಂಡುಗಳನ್ನು ನೇರವಾಗಿ ಜೋಡಿಸಿ ಕಾಲುವೆ ಮಾಡಿದಳು, ಸೇತುವೆಯ ಚಿತ್ರ ತಿದ್ದಿ ಗೇಟು ಮಾಡಿದಳು, ಕಾಡಿಗೆ ತಿಳಿಹಸಿರು ಬಳಿದು ಕಬ್ಬು ಮಾಡಿದಳು. ಆಟದಲ್ಲಿ ಕಾಡಿನೊಳಗೆ ನಿಂತವನು ದೂರದವರಿಗೆ ಕಾಣುವುದಿಲ್ಲ. ಹಾಗಾಗಿ ಕಬ್ಬಿನೊಳಗೆ ನಿಂತವನೂ ಕಾಣುತ್ತಿರಲಿಲ್ಲ.

"ಅಕ್ಕಾ, ಆ ಜಾಲಿ ಗಿಡ ಬಿಟ್ಟಿ ನೋಡ. ಗೇಟಿನ ಬಾಜೂಕ ಇರಬೇಕು," ಎನ್ನುತ್ತಿದ್ದ ತೇಜಸ. "ಅಂವಾ ಬಗ್ಗಿ ನಿಂತಾಗ ಬೆನ್ನ ಈ ಕಡೆ ಇರಬೇಕು."

ಅವನು ಹೇಳಿದ ಹಾಗೆಲ್ಲ ಅವಳು ಮಾಡಿದಳು. ಯಾರೂ ಕಲಿಸದ ವಿದ್ಯೆ ತನ್ನ ಕೈಗೆ ಹತ್ತುತ್ತಿದೆಯಲ್ಲ ಎಂಬ ಹಿಗ್ಗು ಬೇರೆ. ತಾನು ಕಟ್ಟಿದ ಊರನ್ನು ತಿರುಗಿಸಿ ತಿರುಗಿಸಿ ನೋಡಿ ಖುಷಿಪಡುತ್ತಿದ್ದಳು.

ಬೇಸಿಗೆಯ ಒಂದು ಮಂಗಳವಾರ ತೇಜಸ ತಲೆನೋವು ಎಂದು ಮನೆಯಲ್ಲೇ ಉಳಿದ. ಕ್ಲಾಸಿನಲ್ಲಿ ತ್ರಿಶಲಾ ಹುಡುಗರಿಗೆ ಟೈಪಿಂಗ್ ಕೊಟ್ಟು ಕೂತಿದ್ದಾಗ ವಿಠ್ಠಲ ಚಹಾದ ಲೋಟ ಹಿಡಿದು ಬಂದು ನಿಂತ.

"ಮೇಡಂ, ಒಂದ ಮಾತ ಹೇಳ್ತೇನಿ, ಸಿಟ್ಟ ಮಾಡಬ್ಯಾಡ್ರಿ. ಆಟ ಆಡೋರು ಒಮ್ಮೆ ಹಿಂಗ ಬರತಾರ, ಒಮ್ಮೆ ಹಂಗ ಬರತಾರ. ನಿಮ್ಮ ತಮ್ಮ ಈ ತಿಂಗಳ ತುಂಬ ಒಂದ ದಾರಿ ಹಿಡದಾನ್ರಿ. ಕಬ್ಬಿನಾಗ ಕುಂದ್ರತಾನ, ಅಂವಾ ಗೇಟಿಗೆ ಬಗ್ಗೂತನಾ ತಡೀತಾನ, ಜಾಲಿ ಗಿಡದ ಹಿಂದಿಂದ ಬಂದ ಹೊಡೀತಾನ. ಇದು ಆಟ ಅಲ್ರಿ. ಬಾಯಿಪಾಠ ಮಾಡಾಕತ್ತಾನ."

ತ್ರಿಶಲಾ ಕುರ್ಚಿ ಹಿಂದೆ ತಳ್ಳಿ ಎದ್ದಳು. ಮಂಗಳವಾರ ಅಣ್ಣಾಸಾಹೇಬನ ಪಾಳಿ. ಮಧ್ಯಾಹ್ನ ಆಳುಗಳು ಊಟಕ್ಕೆ ಹೋದ ಮೇಲೆ ಗೇಟಿನ ಹತ್ತಿರ ಅವನೊಬ್ಬನೇ ಇರುತ್ತಾನೆ.

"ಸ್ಕೂಟರ್ ತಗೀರಿ," ಎಂದಳು. "ನಡೀರಿ, ಲಗೂ!"

ವಿಠ್ಠಲ ಲೋಟ ಅಲ್ಲೇ ಇಟ್ಟು ಕೆಳಗೆ ಓಡಿದ. ದಾರಿಯುದ್ದಕ್ಕೂ ಅವಳು ಅವನ ಅಂಗಿಯನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದು, ಜೋರಾಗಿ ಓಡಿಸ್ರಿ, ಜೋರಾಗಿ ಓಡಿಸ್ರಿ ಎನ್ನುತ್ತಲೇ ಇದ್ದಳು. ಮಮದಾಪುರದ ಏರಿ ಹತ್ತಿದಾಗ ಅವಳ ಕಣ್ಣಿಗೆ ಬಿದ್ದದ್ದು ತಾನೇ ಕಟ್ಟಿದ ನೆಲ. ಕಾಲುವೆ ಇರಬೇಕಾದಲ್ಲಿ ಕಾಲುವೆ, ಕಬ್ಬಿನ ಜಾಗದಲ್ಲಿ ಕಬ್ಬು, ಗೇಟಿನ ಬಾಜೂಕೆ ಜಾಲಿ. ಬೆನ್ನು ಈ ಕಡೆ ಮಾಡಿ ಅಣ್ಣಾಸಾಹೇಬ ಗೇಟಿಗೆ ಬಗ್ಗಿದ್ದ.

ತೇಜಸ ಜಾಲಿಯ ಹಿಂದಿನಿಂದ ಹೊರಬಂದ. ತ್ರಿಶಲಾ ಕಿರುಚಿದಳು, ಗೇಟಿನ ನೀರಿನ ಭೋರ್ಗರೆತದಲ್ಲಿ ಆ ಧ್ವನಿ ಯಾರಿಗೂ ಮುಟ್ಟಲಿಲ್ಲ. ಕೊಯ್ತಾ ಮೇಲೇರಿ ಇಳಿಯಿತು. ಅಣ್ಣಾಸಾಹೇಬನ ಬಲ ಹೆಗಲು ಎಲುಬಿನ ತನಕ ತೆರೆದುಕೊಂಡಿತು, ಬಿಳಿ ಅಂಗಿ ಸೊಂಟದವರೆಗೆ ಕೆಂಪಾಯಿತು.

ತೇಜಸ ಅಲ್ಲಿಗೆ ನಿಂತ. ಓಡಲಿಲ್ಲ, ಇನ್ನೊಂದು ಏಟು ಹಾಕಲಿಲ್ಲ. ಕೊಯ್ತಾ ಕೆಳಗಿಳಿಸಿ, ಬೀಳುವುದನ್ನು ನೋಡಲು ಕಾದವನ ಹಾಗೆ ನಿಂತ.

ಅಣ್ಣಾಸಾಹೇಬ ಬೀಳಲಿಲ್ಲ. ಹುಟ್ಟಿದಾಗಿನಿಂದ ಕಬ್ಬಿನ ಹೊರೆ ಎತ್ತಿದ ಮೈ ಅದು, ರೊಟ್ಟಿ ತಿಂದು ಗಟ್ಟಿಯಾದ ಎಲುಬು. ಬಲಗೈ ಜೋತುಬಿತ್ತು, ಎಡಗೈಯಲ್ಲಿ ಸಲಿಕೆ ಎತ್ತಿಕೊಂಡು ತಿರುಗಿ ಬೀಸಿದ. ಸಲಿಕೆಯ ಅಲಗು ತೇಜಸನ ಕಿವಿಯ ಮೇಲೆ ಕೂತಿತು. ಹುಡುಗ ಮೊಣಕಾಲೂರಿದ. ಅಣ್ಣಾಸಾಹೇಬ ಮತ್ತೆ ಹೊಡೆದ. ಬಿದ್ದವನ ಬೆನ್ನಿಗೆ, ಪಕ್ಕೆಗೆ, ತಲೆಗೆ ಹೊಡೆಯುತ್ತಲೇ ಹೋದ. "ಯಾರ ಮ್ಯಾಲ ಕೈ ಮಾಡ್ತಿಲೇ? ಯಾರ ಮ್ಯಾಲ?" ಎನ್ನುತ್ತಿದ್ದ. ವಿಠ್ಠಲ ಸ್ಕೂಟರನ್ನು ಅಲ್ಲೇ ಬೀಳಿಸಿ ಓಡಿಬಂದು ಸಲಿಕೆಗೆ ಜೋತುಬಿದ್ದ. ತ್ರಿಶಲಾ ತಮ್ಮನ ಮೇಲೆ ಅಡ್ಡ ಬಿದ್ದಳು. ಕೊನೆಯ ಏಟು ಅವಳ ಮೊಣಕೈ ಮುರಿಯಿತು. ಅದು ಮುರಿದದ್ದು ಅವಳಿಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು.

ಸಲಿಕೆ ಕೈಬಿಟ್ಟ ಮೇಲೆ ಅಣ್ಣಾಸಾಹೇಬ ಅಲ್ಲೇ ಕೂತ. ಕೆಳಗೆ ಬಿದ್ದವನ ಮುಖ ಆಗ ಸರಿಯಾಗಿ ಕಂಡಿತೋ ಏನೋ, "ಅಯ್ಯ, ನಮ್ಮ ನೇಮಣ್ಣನ ಮಗ ಅಲ್ಲೇನೊ ಇಂವಾ," ಎಂದು ಹೆಂಗಸರ ಹಾಗೆ ದನಿ ತೆಗೆದು ಅತ್ತ. ಆ ಮೂರ್ಖನಿಗೆ ಬುದ್ಧಿ ಬರಲು ಎಷ್ಟು ರಕ್ತ ಬೇಕಾಯಿತು ನೋಡಿ!

ಮುಂದಿನದನ್ನು ಇಲ್ಲೇ ಹೇಳಿಬಿಡುವುದು ವಾಸಿ. ಅಣ್ಣಾಸಾಹೇಬ ಬದುಕಿದ, ಜೈಲಿಗೆ ಹೋಗಿ ಬಂದ. ಬಲಗೈ ಮಾತ್ರ ಮತ್ತೆ ಮೇಲೇಳಲಿಲ್ಲ. ನೇಮಣ್ಣ ಹೊಲವನ್ನು ಪಾಲಿಗೆ ಕೊಟ್ಟು, ಹೆಂಡತಿ ಮಗಳೊಂದಿಗೆ ಹುಕ್ಕೇರಿ ಸೇರಿದ. ತ್ರಿಶಲಾ ಅಲ್ಲಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಮೊಣಕೈ ಸ್ವಲ್ಪ ಡೊಂಕಾಗಿ ಕೂಡಿದೆ, ಬಾಯಿ ಮೊದಲಿನಷ್ಟು ಜೋರಿಲ್ಲ. ಮಕ್ಕಳಿಗೆ ಅವಳೆಂದರೆ ಬಹಳ ಇಷ್ಟ. ಇವೆಲ್ಲ ಆಮೇಲಿನ ಮಾತು.

ಆವತ್ತು ಗೋಕಾಕಿನ ಡಾಕ್ಟರು ತಲೆಗೆ ಬಟ್ಟೆ ಸುತ್ತಿ, ಬೆಳಗಾವಿಗೆ ಒಯ್ಯಿರಿ ಎಂದರು. ಬಾಡಿಗೆ ಜೀಪಿನ ಹಿಂದೆ ತೇಜಸನನ್ನು ಮಲಗಿಸಿದರು. ಅವನ ತಲೆ ಅಕ್ಕನ ತೊಡೆಯ ಮೇಲಿತ್ತು. ಸೀರೆ ನೆನೆದು ಮೈಗೆ ಅಂಟಿತ್ತು, ಜೀಪು ಕುಲುಕಿದಾಗಲೆಲ್ಲ ಅವನ ಬಾಯಿಯಿಂದ ರಕ್ತದ ಗುಳ್ಳೆ ಬರುತ್ತಿತ್ತು. ಮುಂದಿನ ಸೀಟಿನಲ್ಲಿ ವಿಠ್ಠಲ ತಿರುಗಿ ನೋಡಲಾರದೆ ರಸ್ತೆ ನೋಡುತ್ತಿದ್ದ.

ಅಂಕಲಗಿ ದಾಟಿದ ಮೇಲೆ ತೇಜಸ ಕಣ್ಣು ತೆರೆದ.

"ಅಕ್ಕಾ."

"ಮಾತಾಡಬ್ಯಾಡೊ ತೇಜ್ಯಾ."

"ಏಟ ಬಿದ್ದಿತ್ತಲ್ಲ ಅಕ್ಕಾ. ಸರಿಯಾಗೇ ಬಿದ್ದಿತ್ತು." ಬಾಯಿ ತೆರೆದು ಉಸಿರು ಎಳೆದುಕೊಂಡ. "ಅಂವಾ ಯಾಕ ಬೀಳಲಿಲ್ಲ?"

ಯಾಕೆ ಬೀಳಲಿಲ್ಲ ಎಂದು ಈ ಲೋಕದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಅರವತ್ತನ್ನು ಅಳಿಸಿ ಒಂದು ಎಂದು ಬರೆದ ಬೆರಳು ಅವನ ಹಣೆಯ ಮೇಲೇ ಇತ್ತು. ಆಟದಾಗ ಅಂವನ ಜೀವಾ ಒಂದಕ್ಕ ಇಳಿಸಿದಾಕಿ ನಾನೋ, ನೀ ಅಳಬಾರದಂತ ಇಳಿಸಿದೆ, ಎಂಬ ಮಾತು ಗಂಟಲ ತನಕ ಬಂತು. ತಮ್ಮ ಅವಳ ಮುಖವನ್ನೇ ನೋಡುತ್ತಿದ್ದ. ಸೋತು ಬಂದಾಗ ಸಣ್ಣಗಾಗುವ ಅದೇ ಮೋರೆ.

"ಬಿದ್ದಾನೋ," ಎಂದಳು ತ್ರಿಶಲಾ. "ನೀ ನೋಡಲಿಲ್ಲ. ಒಂದ ಏಟಿಗೆ ಬಿದ್ದಾನ."

"ಖರೆ?"

"ಖರೆ. ನೀನ ಗೆದ್ದಿ."

ತೇಜಸ ನಕ್ಕ. ಜೀಪು ಬೆಳಗಾವಿ ಮುಟ್ಟುವ ಮೊದಲೇ ಅವನ ಮೈ ತಣ್ಣಗಾಯಿತು. ಆಸ್ಪತ್ರೆಯ ಬಾಗಿಲಲ್ಲಿ ಅವನನ್ನು ಇಳಿಸಲು ಬಂದವರಿಗೆ, ತಡೀರಿ, ಇನ್ನೂ ನಗಾಕತ್ತಾನ, ಎಂದು ಅವಳು ಹೇಳುತ್ತಲೇ ಇದ್ದಳು.